ಫೋನು ಕೈಗೆ ಬಂದಾಗ ಹೆಸರೂ ಬಂದಿತೇ? ಲಾಕ್‌ಡೌನ್ ಕಾಲದ ಮೈಸೂರು, ಮಂಡ್ಯದ ಕಲಾವಿದೆಯರ ಕುರಿತು ಒಂದು ಚರ್ಚೆ

ಹೊನ್ನರೇಕು, ಮೈಸೂರು

ಹಳೆಯ ಫೋನೊಂದನ್ನು ಗುಜರಿಗೆ ಹಾಕುವ ಮೊದಲು ಅದರಲ್ಲಿದ್ದ ಫೋಟೋಗಳನ್ನು ನೋಡುತ್ತಿದ್ದೆ. 2020ರ ಏಪ್ರಿಲ್ ತಿಂಗಳಲ್ಲಿ ಒಂದೇ ಗಜಲಕ್ಷ್ಮಿಯ ಚಿತ್ರವನ್ನು 43 ಬಾರಿ ತೆಗೆದಿದ್ದೇನೆ. ಒಂದರಲ್ಲಿಯೂ ಚಿನ್ನವು ಚಿನ್ನದಂತೆ ಕಾಣುವುದಿಲ್ಲ. ಕೆಲವದರಲ್ಲಿ ಕಪ್ಪಾಗಿದೆ, ಕೆಲವದರಲ್ಲಿ ದೇವಿಯ ಕಿರೀಟದ ಜಾಗದಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾಗಿದೆ, ಒಂದರಲ್ಲಂತೂ ಕಿರೀಟದೊಳಗೆ ಫೋನು ಹಿಡಿದ ನನ್ನ ಕೈಯೇ ಮೂಡಿದೆ. ಅವುಗಳನ್ನು ನೋಡಿದ ಮೇಲೆ ಈ ಚರ್ಚೆಯನ್ನು ಆರಂಭಿಸಬೇಕೆನ್ನಿಸಿತು.

ನಾನು ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಚಿತ್ರ ಬರೆಯುವವಳು. ಸುಟ್ಟ ಹುಣಸೆ ಕಡ್ಡಿಯ ಇದ್ದಿಲಿನಿಂದ ರೇಖೆ ಎಳೆದು, ಆಭರಣ, ಜರಿ, ಕಂಬಗಳ ಜಾಗದಲ್ಲಿ ಮಕ್ಕಿ ಎಂಬ ಲೇಪದಿಂದ ಉಬ್ಬುಗೆಲಸ ಮಾಡಿ, ಅದರ ಮೇಲೆ ಅಪರಂಜಿಯ ರೇಕನ್ನು, ಅಂದರೆ ಚಿನ್ನದ ತೆಳು ಹಾಳೆಯನ್ನು, ಕೂರಿಸಿ, ಬಣ್ಣವೆಲ್ಲ ಮುಗಿದ ಮೇಲೆ ನುಣುಪು ಕಲ್ಲಿನಿಂದ ಹದವಾಗಿ ಉಜ್ಜುವುದು ನಮ್ಮ ಕ್ರಮ. ತಂಜಾವೂರಿನವರ ಉಬ್ಬು ದಪ್ಪ, ಅದರಲ್ಲಿ ಹರಳೂ ಕೂರುತ್ತದೆ. ನಮ್ಮದು ಬೆರಳು ಸವರಿದರೆ ಮಾತ್ರ ತಿಳಿಯುವಷ್ಟು ತೆಳು. ಈ ಶೈಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಊರಿನ ಹೆಸರು ಕಾನೂನಿನಲ್ಲಿಯೇ ಸೇರಿಕೊಂಡಿದೆ. ಬರೆದವರ ಹೆಸರು ಮಾತ್ರ ಹಿಂದಿನಿಂದಲೂ ಚಿತ್ರದ ಮೇಲೆ ಇರುತ್ತಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಚಿತ್ರಗಳ ಮುಂದೆ ನಿಂತರೆ ಬರೆಸಿದ ದೊರೆ ಯಾರೆಂದು ಹೇಳಬಹುದು, ಬರೆದ ಕೈ ಯಾವುದೆಂದು ಹೇಳುವುದು ಬಹುಪಾಲು ಸಾಧ್ಯವಿಲ್ಲ.

ನನ್ನ ವಿಷಯವೂ ಹಾಗೆಯೇ ಇತ್ತು. ಪ್ರವಾಸಿಗರು ಬರುವ ಅಂಗಡಿಯೊಂದಕ್ಕೆ ವರ್ಷಗಟ್ಟಲೆ ಚಿತ್ರ ಬರೆದುಕೊಟ್ಟೆ. ಹಲಗೆ, ರೇಕು ಅವರದು, ಕೈ ನನ್ನದು. ಚಿತ್ರ ಎಷ್ಟಕ್ಕೆ ಹೋಯಿತು, ಯಾವ ಊರಿಗೆ ಹೋಯಿತು ಎಂಬುದು ನನಗೆ ತಿಳಿಯುತ್ತಿರಲಿಲ್ಲ. ಕೇಳಬೇಕೆಂದು ಅನ್ನಿಸುತ್ತಲೂ ಇರಲಿಲ್ಲ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಅಂಗಡಿಯಿಂದ ಬಂದದ್ದು ಒಂದೇ ಸಾಲು: ಸದ್ಯಕ್ಕೆ ಏನೂ ಬೇಡ.

ಮಗಳು ಇನ್‌ಸ್ಟಾಗ್ರಾಂ ಪುಟ ಮಾಡಿಕೊಟ್ಟಳು. ಆಗ ಶುರುವಾದದ್ದೇ ಆ 43 ಫೋಟೋಗಳ ಕಥೆ. ರೇಕು ಬಣ್ಣವಲ್ಲ, ಕನ್ನಡಿ ಎಂಬುದು ಇಷ್ಟು ವರ್ಷ ಅದನ್ನು ಅಂಟಿಸಿದ ನನಗೇ ಹೊಳೆದಿರಲಿಲ್ಲ. ತನ್ನೆದುರು ಏನಿದೆಯೋ ಅದನ್ನು ಅದು ತೋರಿಸುತ್ತದೆ: ಎದುರಿಗೆ ಕತ್ತಲ ಕೋಣೆಯಿದ್ದರೆ ಕಪ್ಪು, ಫ್ಲ್ಯಾಶ್ ಹೊಡೆದರೆ ಬಿಳಿಯ ಕಲೆ. ಕೊನೆಗೆ ಉಪಾಯ ಸಿಕ್ಕಿದ್ದು ಬೆಳಗ್ಗೆ ಏಳರ ಹೊತ್ತಿಗೆ, ಪೂರ್ವದ ಕಿಟಕಿಯ ಪಕ್ಕದಲ್ಲಿ. ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಚಿತ್ರವನ್ನು ನಿಲ್ಲಿಸಿ, ಎದುರಿನ ಗೋಡೆಗೆ ಯಜಮಾನರ ಬಿಳಿ ಪಂಚೆಯನ್ನು ಹರಡಿ, ಆ ಪಂಚೆಯ ಬಿಳುಪು ಚಿನ್ನದೊಳಗೆ ಬೀಳುವಂತೆ ಮಾಡಿದಾಗ ಕಿರೀಟಕ್ಕೆ ಜೀವ ಬಂದಿತು. ಉಬ್ಬು ಕಾಣಬೇಕಾದರೆ ಫೋಟೋ ಸಾಲದು. ಚಿತ್ರವನ್ನು ನಿಧಾನವಾಗಿ ಓರೆ ಮಾಡುತ್ತ ಹತ್ತು ಸೆಕೆಂಡಿನ ವಿಡಿಯೊ ತೆಗೆಯಬೇಕು.

ಆ ವಿಡಿಯೊ ನೋಡಿದ ಒಬ್ಬರು ಕೇಳಿದ ಮೊದಲ ಪ್ರಶ್ನೆ ಬೆಲೆಯದಲ್ಲ. "ಬರೆದವರು ಯಾರು?" ಎಂದು ಕೇಳಿದರು. ನಾನು "ನಮ್ಮದೇ" ಎಂದು ಬರೆದೆ. ಅವರು ಮತ್ತೆ, "ನಿಮ್ಮದು ಎಂದರೆ ಯಾರದು?" ಎಂದರು. ಉತ್ತರ ಕೊಡಲು ಅರ್ಧ ದಿನ ಹಿಡಿಯಿತು ಎಂದರೆ ನಗಬೇಡಿ. ಈಗ ಚಿತ್ರದ ಬಲಗಡೆಯ ಕೆಳಮೂಲೆಯಲ್ಲಿ, ಅಂಚುಪಟ್ಟಿಯ ಬಳ್ಳಿಯೊಳಗೆ, ಅಕ್ಕಿಕಾಳಿನಷ್ಟು ಗಾತ್ರದಲ್ಲಿ ನನ್ನ ಹೆಸರಿರುತ್ತದೆ.

ಸಾಂಕ್ರಾಮಿಕದ ಆ ಎರಡು ವರ್ಷಗಳಲ್ಲಿ ಮಹಿಳಾ ಕಲಾವಿದರು ತಂತ್ರಜ್ಞಾನಕ್ಕೆ ಹೊಂದಿಕೊಂಡರು ಎಂದು ಎಲ್ಲರೂ ಹೇಳುತ್ತಾರೆ. ಹೊಂದಿಕೊಂಡದ್ದಕ್ಕೆ ಸಿಕ್ಕದ್ದೇನು, ಕೆಲಸವೋ ಹೆಸರೋ, ಎರಡೂ ಸಿಕ್ಕವೋ ಎಂಬುದು ನನ್ನ ಪ್ರಶ್ನೆ. ನಿಮ್ಮ ನಿಮ್ಮ ಅನುಭವವನ್ನು ಬರೆಯಬೇಕೆಂದು ಕೋರುತ್ತೇನೆ.

ವೀಣಾಪಾಠ, ಸರಸ್ವತಿಪುರಂ

ನಿಮ್ಮ ರೇಕಿಗೆ ಆದದ್ದೇ ನಮ್ಮ ಶ್ರುತಿಗೂ ಆಯಿತು. ಮೊದಲ ಆನ್‌ಲೈನ್ ಪಾಠದ ದಿನ ತಂಬೂರಿಯನ್ನು ಹಾಕಿಕೊಂಡು ಕುಳಿತೆ. ಎರಡು ನಿಮಿಷವಾಗುವುದರೊಳಗೆ ಆ ಕಡೆಯಿಂದ ವಿದ್ಯಾರ್ಥಿನಿ, "ಮಿಸ್, ತಂಬೂರಿ ನಿಲ್ಲಿಸಿಬಿಟ್ಟಿರಾ?" ಎಂದಳು. ನಿಲ್ಲಿಸಿರಲಿಲ್ಲ. ಕರೆಯ ಆ್ಯಪ್‌ಗಳು ಮಾತಿಗಾಗಿ ಮಾಡಿದವು. ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಶಬ್ದವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಹಾಕುತ್ತವೆ. ನಮ್ಮ ಸಂಗೀತ ಯಾವುದರ ಮೇಲೆ ನಿಂತಿದೆಯೋ ಅದನ್ನೇ ಯಂತ್ರವು ಗದ್ದಲವೆಂದು ತೀರ್ಮಾನಿಸಿತು! ಸೆಟ್ಟಿಂಗ್ಸ್‌ನಲ್ಲಿ ಎಲ್ಲಿಯೋ ಅಡಗಿದ್ದ "ಮೂಲ ಧ್ವನಿ"ಯ ಗುಂಡಿಯನ್ನು ಹುಡುಕಿ ಒತ್ತುವವರೆಗೆ, ಮೂರು ವಾರ, ಮಂದ್ರ ತಂತಿಯಲ್ಲಿ ಎಳೆದ ಗಮಕದ ಬಾಲವೆಲ್ಲ ಕತ್ತರಿಸಿಯೇ ಅವರನ್ನು ತಲುಪುತ್ತಿತ್ತು.

ಇನ್ನೊಂದು ತೊಡಕಿಗೆ ಗುಂಡಿಯೇ ಇಲ್ಲ. ಇಬ್ಬರು ಕೂಡಿ ನುಡಿಸುವಾಗ ಒಬ್ಬರ ನಾದವು ಇನ್ನೊಬ್ಬರಿಗೆ ಸುಮಾರು 30 ಮಿಲಿಸೆಕೆಂಡಿನೊಳಗೆ ತಲುಪಬೇಕು. ಗಾಳಿಯಲ್ಲಿ ಶಬ್ದವು 10 ಮೀಟರ್ ಸಾಗಲು ಹಿಡಿಯುವ ಕಾಲ ಅದು. ಅಂದರೆ ಒಂದು ದೊಡ್ಡ ಜಗಲಿಯ ಈ ತುದಿ, ಆ ತುದಿ. ವಿಡಿಯೊ ಕರೆಯಲ್ಲಿ ಇದರ ಹಲವು ಪಟ್ಟು ತಡವಾಗುತ್ತದೆ. ನಾನು ತಾಳ ಹಾಕಿದರೆ ಅವಳಿಗೆ ತಡವಾಗಿ ಕೇಳಿಸುತ್ತದೆ, ಅವಳು ನುಡಿಸಿದ್ದು ನನಗೆ ಇನ್ನೂ ತಡವಾಗಿ ಬರುತ್ತದೆ. ಹೀಗಾಗಿ ಗೋಷ್ಠಿಯಾಗಿ ನುಡಿಸುವುದು ಸಂಪೂರ್ಣವಾಗಿ ನಿಂತುಹೋಯಿತು. ಪ್ರತಿಯೊಬ್ಬರೂ ಮನೆಯಲ್ಲಿ ನುಡಿಸಿ, ಧ್ವನಿ ಮುದ್ರಿಸಿ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸತೊಡಗಿದರು.

ಇಲ್ಲಿ ನಾನು ನಿರೀಕ್ಷಿಸದೇ ಇದ್ದದ್ದೊಂದು ನಡೆಯಿತು. ಗೋಷ್ಠಿಯಲ್ಲಿ ಹತ್ತು ವೀಣೆಗಳ ನಡುವೆ ಯಾರ ತಪ್ಪು ಯಾರದೆಂದು ತಿಳಿಯುವುದಿಲ್ಲ, ಯಾರ ಒಪ್ಪು ಯಾರದೆಂಬುದೂ ತಿಳಿಯುವುದಿಲ್ಲ. ನಾಲ್ಕು ವರ್ಷ ಹಿಂದಿನ ಸಾಲಿನಲ್ಲಿ ಕುಳಿತು ತಲೆ ಎತ್ತದ ಹುಡುಗಿಯೊಬ್ಬಳು ಒಂದು ರಾತ್ರಿ ಕಳುಹಿಸಿದ ವರ್ಣವನ್ನು ಕೇಳಿ, ಅದು ಅವಳದೇ ಹೌದೇ ಎಂದು ನಾನು ಸಂಖ್ಯೆಯನ್ನು ಎರಡು ಬಾರಿ ನೋಡಿದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಅರ್ಧ ಉತ್ತರ ಇದು: ಅವಳ ಹೆಸರು ನನಗೆ ಆ ವರ್ಷ ಗೊತ್ತಾಯಿತು.

ಉಳಿದರ್ಧ ಅಷ್ಟು ಸಿಹಿಯಲ್ಲ. ದಿನಕ್ಕೆ 30 ಧ್ವನಿಮುದ್ರಣಗಳನ್ನು ಮನೆಯವರೆಲ್ಲ ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳಿ, ತಿದ್ದಿ, ಉತ್ತರಿಸುವ ಕೆಲಸಕ್ಕೆ ಶುಲ್ಕ ಕೇಳಬಹುದೆಂದು ನನಗೆ ಹೊಳೆಯಲೇ ಇಲ್ಲ. ಪಾಠವೆಂದರೆ ಎದುರು ಕುಳಿತದ್ದು ಮಾತ್ರ ಎಂಬ ಲೆಕ್ಕ ನನ್ನೊಳಗೇ ಇತ್ತು.

ಶ್ರೀರಂಗಪಟ್ಟಣದ ರಸಿಕ

ಚರ್ಚೆ ಒಳ್ಳೆಯದು, ಆದರೆ ಒಂದು ಆಕ್ಷೇಪವನ್ನು ದಾಖಲಿಸುತ್ತೇನೆ. ಲಾಕ್‌ಡೌನಿನಲ್ಲಿ ಗಂಡು ಕಲಾವಿದರೂ ಮನೆಯಲ್ಲಿಯೇ ಕುಳಿತಿದ್ದರು. ಮದುವೆ, ಜಾತ್ರೆ, ಉತ್ಸವಗಳು ನಿಂತಾಗ ವಾದ್ಯದವರು, ನಗಾರಿಯವರು, ಪೂಜಾ ಕುಣಿತದವರು ಎಲ್ಲರೂ ಒಂದೇ ದೋಣಿಯಲ್ಲಿದ್ದರು. 2020ರ ದಸರೆಯ ಜಂಬೂಸವಾರಿಯೇ ಅರಮನೆಯ ಆವರಣವನ್ನು ದಾಟಲಿಲ್ಲ. ಹೀಗಿರುವಾಗ ಮಹಿಳೆಯರನ್ನು ಬೇರೆಯಾಗಿ ಎಣಿಸುವ ಅಗತ್ಯವೇನು? ಎರಡನೆಯದಾಗಿ, ಫೋನಿನಲ್ಲಿ ಕೇಳಿದ ವೀಣೆಯನ್ನು ವೀಣೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದು ವೀಣೆಯ ಫೋಟೋ.

ಗೆಜ್ಜೆ, ಕುವೆಂಪುನಗರ

ಶ್ರೀರಂಗಪಟ್ಟಣದವರಿಗೆ: ದೋಣಿ ಒಂದೇ ಆಗಿರಬಹುದು, ಫೋನು ಮಾತ್ರ ಒಂದೇ ಇತ್ತು. ನಮ್ಮ ಮನೆಯಲ್ಲಿ ಒಂದು ಒಳ್ಳೆಯ ಫೋನು, ಅದಕ್ಕೆ ನಾಲ್ಕು ಜನ. ಬೆಳಗ್ಗೆ ಮಗನ ಆನ್‌ಲೈನ್ ತರಗತಿ, ಮಧ್ಯಾಹ್ನ ಯಜಮಾನರ ಕಚೇರಿಯ ಸಭೆ, ಸಂಜೆ ಅತ್ತೆಯವರ ಸಹಸ್ರನಾಮದ ಗುಂಪು. ನನ್ನ ನೃತ್ಯ ತರಗತಿಗೆ ಅದು ಕೈಗೆ ಬರುವಾಗ ಬ್ಯಾಟರಿ ಶೇಕಡಾ 12. ಇದು ನನ್ನೊಬ್ಬಳ ಮನೆಯ ಮಾತಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಎಂದಾದರೊಮ್ಮೆ ಇಂಟರ್ನೆಟ್ ಬಳಸಿದ್ದೇವೆ ಎಂದ ಮಹಿಳೆಯರು ದೇಶದಲ್ಲಿ ಶೇಕಡಾ 33.3, ಪುರುಷರು ಶೇಕಡಾ 57.1. ತಾವೇ ಬಳಸುವ ಮೊಬೈಲ್ ಇದೆ ಎಂದ ಮಹಿಳೆಯರು ಶೇಕಡಾ 54. ಬೇರೆಯಾಗಿ ಎಣಿಸಿದ್ದು ನಾವಲ್ಲ, ಮೊದಲೇ ಬೇರೆಯಾಗಿತ್ತು.

ನೃತ್ಯದ ಬಗ್ಗೆ ಎರಡು ಮಾತು. ತರಗತಿಯಲ್ಲಿ ಮಕ್ಕಳಿಗೆ ಎದುರಾಗಿ ನಿಂತು, ಅವರ ಬಲಗೈಗೆ ನಮ್ಮ ಎಡಗೈ ತೋರಿಸುತ್ತ ಕಲಿಸುವುದು ನಮಗೆ ರಕ್ತಗತವಾದ ಅಭ್ಯಾಸ. ಫೋನಿನಲ್ಲಿ ನನಗೆ ಕಾಣುವ ನನ್ನ ಬಿಂಬ ಕನ್ನಡಿಯಂತೆ ತಿರುಗಿರುತ್ತದೆ, ಮಕ್ಕಳಿಗೆ ಕಾಣುವುದು ತಿರುಗದ ಚಿತ್ರ. ಅದು ತಿಳಿಯದೆ ನಾನು ಪರದೆಯನ್ನು ನೋಡಿಕೊಂಡು ಕೈ ಬದಲಾಯಿಸಿ, ಒಂದು ತಿಂಗಳು ಮಕ್ಕಳಿಗೆ ಭರತನಾಟ್ಯದ ಆರಂಭದ ನೃತ್ತವಾದ ಅಲರಿಪುವನ್ನು ತಿರುವುಮುರುವಾಗಿ ಕಲಿಸಿದೆ. ತಾಳ ಹಾಕುವ ತಟ್ಟುಕೋಲಿನ ಏಟು ಆ ಕಡೆಗೆ ಕೆಲವೊಮ್ಮೆ ಕೇಳಿಸುತ್ತಿತ್ತು, ಕೆಲವೊಮ್ಮೆ ಇಲ್ಲ. ಮುಖ ಕಂಡರೆ ಪಾದ ಕಾಣದು, ಪಾದ ಕಾಣಬೇಕಾದರೆ ಮಗು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಕೆಳಗಿನ ಮನೆಯವರು ಮೆಟ್ಟಡವಿನ ಸದ್ದಿಗೆ ದೂರು ಕೊಟ್ಟ ಮೇಲೆ ಒಂದು ಮಗು ಹಾಸಿಗೆಯ ಮೇಲೆ ನಿಂತು ಅಭ್ಯಾಸ ಮಾಡಿತು.

ಇದನ್ನೆಲ್ಲ ಹೊಂದಾಣಿಕೆ ಎಂದು ಕರೆಯುವವರು ಕರೆಯಲಿ. ಅಭಿನಯಕ್ಕೆ ಮಾತ್ರ ಲಾಭವಾಯಿತೆಂದು ಒಪ್ಪುತ್ತೇನೆ. ಕಣ್ಣು, ಹುಬ್ಬಿನ ಕೆಲಸವನ್ನು ಅಷ್ಟು ಹತ್ತಿರದಿಂದ ತಿದ್ದಲು ತರಗತಿಯಲ್ಲಿ ಎಂದೂ ಆಗಿರಲಿಲ್ಲ.

ಹಳೆಯ ರೇಡಿಯೊ, ಮೈಸೂರು

ಹೆಸರಿನ ಪ್ರಶ್ನೆ ಬಂದದ್ದರಿಂದ ಮೈಸೂರಿಗೇ ಸೇರಿದ ಒಬ್ಬ ಕಲಾವಿದೆಯನ್ನು ನೆನಪಿಸಬೇಕೆನ್ನಿಸುತ್ತದೆ. ಕೇಳುಗರಿಲ್ಲದೆ ಯಂತ್ರದ ಮುಂದೆ ಕಲೆಯನ್ನು ಒಪ್ಪಿಸುವ ಸಂಕಟ 2020ರಲ್ಲಿ ಹುಟ್ಟಿದ್ದಲ್ಲ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಭಾರತದ ಸಂಗೀತವನ್ನು ಮೊದಲ ಬಾರಿಗೆ ಮಾರಾಟಕ್ಕೆಂದು ಧ್ವನಿಮುದ್ರಿಸಿಕೊಂಡಾಗ ಅಲ್ಲಿ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಆ ಕಾಲದ ಅನೇಕ ಗಂಡು ಉಸ್ತಾದರು ಯಂತ್ರಕ್ಕೆ ಕಂಠ ಕೊಡಲು ಹಿಂಜರಿದರು. ಮುಂದೆ ಬಂದವರು ಹೆಚ್ಚಾಗಿ ವೃತ್ತಿಗಾಯಕಿಯರು. ಮೈಕ್ ಇರಲಿಲ್ಲ. ದೊಡ್ಡ ಕೊಂಬಿನ ಬಾಯಿಗೆ ಮುಖವಿಟ್ಟು, ಕೂಗಿದಂತೆ ಹಾಡಬೇಕಿತ್ತು, ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಹಾಡು ಮುಗಿದ ಕೂಡಲೇ ಆಕೆ ಇಂಗ್ಲಿಷಿನಲ್ಲಿ, "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ಘೋಷಿಸುತ್ತಿದ್ದರು. ಅದು ಠೀವಿಯಂತೆ ಕೇಳಿಸುತ್ತದೆ, ಠೀವಿಯೂ ಇದ್ದಿರಬಹುದು. ಆದರೆ ಅದರ ಹಿಂದೆ ಒಂದು ಕೆಲಸದ ಕಾರಣವಿತ್ತು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಲು ಹೆಸರು ಹಾಡಿನೊಳಗೇ ಇರಬೇಕಿತ್ತು.

ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಈ ಊರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನಕ್ಕೆ ಕರೆಸಿಕೊಂಡರು, 1930ರ ಜನವರಿ 17ರಂದು ಅವರು ಮೈಸೂರಿನಲ್ಲಿಯೇ ತೀರಿಕೊಂಡರು. ಅದಾದ ಐದು ವರ್ಷಕ್ಕೆ, 1935ರಲ್ಲಿ, ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ಇಲ್ಲಿಯೇ ತಮ್ಮ ಮನೆಯಿಂದ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಎದುರಿಗೆ ಯಾರೂ ಇಲ್ಲದ ಕೋಣೆಯಲ್ಲಿ ಕುಳಿತು, ಕಾಣದ ಕೇಳುಗರಿಗೆ ಹಾಡುವುದು ಈ ಊರಿನ ಹೆಣ್ಣುಮಕ್ಕಳಿಗೆ ಆಗಲೇ ಅಭ್ಯಾಸವಾಯಿತು. ರೇಡಿಯೊದಲ್ಲಿ ಒಂದು ಮರ್ಯಾದೆಯಿತ್ತು: ಹಾಡಿನ ಮೊದಲೊಮ್ಮೆ, ಕೊನೆಯಲ್ಲೊಮ್ಮೆ ಹಾಡಿದವರ ಹೆಸರನ್ನು ಹೇಳಲಾಗುತ್ತಿತ್ತು. ವಾಟ್ಸ್‌ಆ್ಯಪ್‌ಗೆ ಉದ್ಘೋಷಕರಿಲ್ಲ.

ವೀಣಾಪಾಠ, ಸರಸ್ವತಿಪುರಂ

ಹೆಸರನ್ನು ಕಳೆಯುವುದಷ್ಟೇ ಅಲ್ಲ, ಯಂತ್ರವು ಬೇರೆಯವರ ಹೆಸರಿಗೂ ಬರೆದುಬಿಡುತ್ತದೆ. 2020ರ ನವರಾತ್ರಿಯಲ್ಲಿ ಬೊಂಬೆಗಳ ಮುಂದೆ ಕುಳಿತು ನನ್ನ ವಿದ್ಯಾರ್ಥಿನಿಯೊಬ್ಬಳು ತ್ಯಾಗರಾಜರ ಕೃತಿಯೊಂದನ್ನು ನೇರಪ್ರಸಾರದಲ್ಲಿ ಹಾಡಿದಳು. ನಡುವೆಯೇ ಧ್ವನಿ ಹೋಯಿತು. ಈ ಹಾಡಿನ ಹಕ್ಕು ಯಾವುದೋ ಕಂಪನಿಯದೆಂದು ಸೂಚನೆ ಬಂದಿತು. ತ್ಯಾಗರಾಜರು 1847ರಲ್ಲಿ ತೀರಿಕೊಂಡವರು. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯವು ಕರ್ತೃವಿನ ನಿಧನಾನಂತರ 60 ವರ್ಷ ಮಾತ್ರ. ಅದೇ ಕೃತಿಯನ್ನು ಹಾಡಿದ ಯಾರದೋ ಧ್ವನಿಮುದ್ರಣವಿದೆ, ಅದರ ಸ್ವರಸಂಚಾರವೂ ಇವಳದೂ ಹೋಲುತ್ತದೆ, ಅಷ್ಟೇ. ಒಂದೇ ಪಾಠಾಂತರದವರು, ಅಂದರೆ ಒಂದೇ ಗುರುಪರಂಪರೆಯ ಕ್ರಮದಲ್ಲಿ ಕಲಿತವರು, ಹಾಡಿದರೆ ಹೋಲದೆ ಇರುತ್ತದೆಯೇ? ಆಕ್ಷೇಪಣೆ ಸಲ್ಲಿಸಿದ ಮೇಲೆ ಧ್ವನಿ ಮರಳಿ ಬಂದಿತು, ಆದರೆ ಅಷ್ಟರಲ್ಲಿ ವಿಜಯದಶಮಿಯೂ ಮುಗಿದಿತ್ತು. ಆ ಹುಡುಗಿ ಹೇಳಿದ ಮಾತು, "ಮಿಸ್, ನನ್ನ ಧ್ವನಿ ನನ್ನದೆಂದು ನಾನೇ ಅರ್ಜಿ ಹಾಕಬೇಕಾಯಿತು."

ಮದ್ದೂರಿನ ಹುಡುಗಿ

ನಾನು ಕಲಾವಿದೆಯಲ್ಲ, ಫೋನು ಹಿಡಿದವಳು. ನಮ್ಮ ದೊಡ್ಡಮ್ಮ ನಾಟಿ ಮಾಡುವಾಗ ಹಾಡುವ ಪದಗಳನ್ನು ಟಿಕ್‌ಟಾಕ್‌ನಲ್ಲಿ ಹಾಕುತ್ತಿದ್ದೆ. ಜನ ಬಹಳ ಮೆಚ್ಚಿದ್ದರು. 2020ರ ಜೂನ್ 29ರಂದು ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದು ಒಂದೇ ರಾತ್ರಿಯಲ್ಲಿ ಹೋಯಿತು. ನಿಷೇಧದ ಸರಿತಪ್ಪುಗಳ ಬಗ್ಗೆ ನಾನು ಮಾತನಾಡುತ್ತಿಲ್ಲ. ದೊಡ್ಡಮ್ಮನಿಗೆ ಅರ್ಥವಾಗದೆ ಉಳಿದದ್ದು ಒಂದೇ: ಅಷ್ಟು ಜನ ಎಲ್ಲಿ ಹೋದರು? ಯೂಟ್ಯೂಬ್‌ಗೆ ಬಂದೆವು. ಅಲ್ಲಿ ಹಣ ಬರಬೇಕಾದರೆ 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಆಗಬೇಕಿತ್ತು. ನಾಟಿಯ ಪದ ಎರಡು ನಿಮಿಷಕ್ಕೆ ಮುಗಿಯುತ್ತದೆ. 4,000 ಗಂಟೆ ತುಂಬಲು ಎಷ್ಟು ಎಕರೆ ನಾಟಿ ಮಾಡಬೇಕೆಂದು ದೊಡ್ಡಮ್ಮ ಲೆಕ್ಕ ಹಾಕಿ ನಕ್ಕರು.

ಹೊನ್ನರೇಕು, ಮೈಸೂರು

ಗೌಹರ್ ಜಾನ್ ಅವರ ವಿಷಯವನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಹೆಸರು ಹೇಳುವುದಕ್ಕೆ ಅಹಂಕಾರವೇ ಕಾರಣವಾಗಬೇಕಿಲ್ಲ, ವಿಳಾಸವೂ ಕಾರಣವಾಗಬಹುದು ಎಂಬುದು ನನ್ನ ಅಕ್ಕಿಕಾಳಿನ ಸಹಿಗೆ ಸಿಕ್ಕ ಸಮರ್ಥನೆ.

ಬೆಲೆಯ ವಿಷಯವನ್ನು ಹೇಳುವುದು ಮರೆತಿದ್ದೆ. ಮೊದಲ ಚಿತ್ರಕ್ಕೆ ನಾನು ಹೇಳಿದ ಬೆಲೆಗೆ ರೇಕಿನ ಖರ್ಚೂ ಹುಟ್ಟಲಿಲ್ಲ. ಬಾಯಲ್ಲಿ ಬೆಲೆ ಹೇಳಿ ಅಭ್ಯಾಸವೇ ಇರಲಿಲ್ಲವಾದ್ದರಿಂದ, ಅಂಗಡಿಯವರು ನನಗೆ ಕೊಡುತ್ತಿದ್ದ ಕೂಲಿಯನ್ನೇ ಬೆಲೆಯೆಂದು ಹೇಳಿಬಿಟ್ಟಿದ್ದೆ. ಎರಡನೆಯ ಚಿತ್ರ ಗಾಜುಸಮೇತ ಕೊರಿಯರಿನಲ್ಲಿ ಹೋಗಿ, ಒಡೆದ ಗಾಜು ದೇವಿಯ ಕೆನ್ನೆಯನ್ನು ಗೀರಿತು. ಕ್ಯಾನ್ವಾಸಿನಂತೆ ಸುತ್ತಿ ಕೊಳವೆಯಲ್ಲಿ ಕಳುಹಿಸೋಣವೆಂದರೆ ಮಕ್ಕಿಯ ಉಬ್ಬು ಬಿರುಕು ಬಿಡುತ್ತದೆ. ಈಗ ಗಾಜಿಲ್ಲದೆ, ಮೇಲೆ ಬೆಣ್ಣೆಕಾಗದ ಹೊದಿಸಿ, ಎರಡು ಪ್ಲೈವುಡ್ ಹಲಗೆಗಳ ನಡುವೆ ಕಟ್ಟಿ ಕಳುಹಿಸುತ್ತೇನೆ. ಚೌಕಟ್ಟು, ಗಾಜು ಅವರ ಊರಿನಲ್ಲಿ. ತಂತ್ರಜ್ಞಾನ ಕಲಿತದ್ದರಲ್ಲಿ ಫೋನಿನ ಪಾಲು ಎಷ್ಟೋ ಈ ಪ್ಲೈವುಡ್ಡಿನ ಪಾಲೂ ಅಷ್ಟೇ ಎಂದು ನನಗನ್ನಿಸುತ್ತದೆ.

ಕನ್ನಡ ಮೇಡಂ, ಮಂಡ್ಯ

ತಡವಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಇಲ್ಲಿಯವರೆಗೆ ಬರೆದವರೆಲ್ಲ ಓದುಬರಹ ಬಲ್ಲವರು, ತಮ್ಮದೇ ಫೋನು ಇಲ್ಲದಿದ್ದರೂ ಮನೆಯಲ್ಲಿ ಫೋನು ಇದ್ದವರು. ಮಂಡ್ಯ ಸೀಮೆಯ ಸೋಬಾನೆ ಹಾಡುವವರ ಬಗ್ಗೆ ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸೋಬಾನೆಯಲ್ಲಿ ಒಬ್ಬರೋ ಇಬ್ಬರೋ ಪದವನ್ನು ಹೇಳಿಕೊಡುತ್ತಾರೆ, ಉಳಿದವರು ಸೊಲ್ಲೆತ್ತುತ್ತಾರೆ. ಹೇಳುವವರ ಕೊನೆಯ ಅಕ್ಷರ ಇನ್ನೂ ಬಾಯಲ್ಲಿರುವಾಗಲೇ ಎತ್ತುವವರ ಮೊದಲ ಅಕ್ಷರ ಅದರ ಮೇಲೆ ಬಂದು ಕೂರುತ್ತದೆ. ನಡುವೆ ಸಂದು ಬಿದ್ದರೆ ಅದನ್ನು ಅವರು "ಪದ ಕುಂಟಿತು" ಎನ್ನುತ್ತಾರೆ. ವೀಣಾಪಾಠದವರು ಹೇಳಿದ ಮಿಲಿಸೆಕೆಂಡಿನ ಲೆಕ್ಕ ಇವರಿಗೆ ತಿಳಿಯದು, ಕುಂಟಿದ್ದು ಮಾತ್ರ ತಕ್ಷಣ ತಿಳಿಯುತ್ತದೆ.

2020ರ ಬೇಸಗೆಯಲ್ಲಿ ಮದುವೆಗೆ 50 ಜನರ ಮಿತಿ ಬಂದಿತು. ಆ 50ರ ಪಟ್ಟಿಯಲ್ಲಿ ಸೋಬಾನೆಯವರು ಎಲ್ಲಿ ಬರುತ್ತಾರೆ? ಎಣ್ಣೆಶಾಸ್ತ್ರಕ್ಕೂ ಹಸೆಗೂ ಹಾಡಿಲ್ಲದೆ ಮದುವೆಗಳು ನಡೆದವು. ನನಗೆ ಪರಿಚಯವಿರುವ ತಂಡವೊಂದರಲ್ಲಿ ಏಳು ಹೆಂಗಸರು, ಎಲ್ಲರೂ 50 ದಾಟಿದವರು. ಏಳು ಜನರ ನಡುವೆ ಇದ್ದದ್ದು ಎರಡು ಸ್ಮಾರ್ಟ್‌ಫೋನು, ಎರಡೂ ಮೊಮ್ಮಕ್ಕಳ ಪಾಠಕ್ಕೆಂದು ಸಾಲ ಮಾಡಿ ಕೊಂಡವು. ಒಂದು ಮನೆಯವರು, ಪದವನ್ನು ಫೋನಿನಲ್ಲಿ ಹಾಡಿ ಕಳುಹಿಸಿದರೆ ಮದುವೆಯ ಹೊತ್ತಿಗೆ ಸ್ಪೀಕರಿನಲ್ಲಿ ಹಾಕುತ್ತೇವೆ ಎಂದರು. ಹೇಳಿಕೊಡುವವರು ಒಂದು ಊರಿನಲ್ಲಿ, ಸೊಲ್ಲೆತ್ತುವವರು ಇನ್ನೊಂದು ಊರಿನಲ್ಲಿ. ಹೇಳುವವರು ಒಂದು ಸಾಲು ಹಾಡಿ ಧ್ವನಿಸಂದೇಶ ಕಳುಹಿಸಿದರು, ಎತ್ತುವವರು ಅದನ್ನು ಒಂದು ಫೋನಿನಲ್ಲಿ ಕೇಳಿ ಇನ್ನೊಂದರಲ್ಲಿ ತಾವು ಹಾಡಿ ಕಳುಹಿಸಿದರು, ಕಾಲೇಜಿನ ಹುಡುಗನೊಬ್ಬ ಎರಡನ್ನೂ ಜೋಡಿಸಿದ. ಮೊದಲ ಜೋಡಣೆ ಅಂದವಾಗಿತ್ತು, ಸಂದು ಸರಿಯಾಗಿ ಬಿಟ್ಟಿದ್ದ. ಹಿರಿಯ ಹಾಡುಗಾರ್ತಿ ಅದನ್ನು ಕೇಳಿ, "ಇದು ಪದ ಅಲ್ಲ ಕನಪ್ಪ, ಮಗ್ಗಿ" ಎಂದರು. ಆತ ಪ್ರತಿ ಸಾಲಿನ ಬಾಲವನ್ನು ಮುಂದಿನದರ ತಲೆಯ ಮೇಲೆ ಅರ್ಧ ಅಕ್ಷರದಷ್ಟು ಏರಿಸಿ ಮತ್ತೆ ಜೋಡಿಸಿದಾಗ ಮಾತ್ರ ಒಪ್ಪಿದರು. ಆ ವರ್ಷ ನಾನು ಕಂಡ ಅತ್ಯುತ್ತಮ ಸಂಕಲನ ಪಾಠ ಅದು; ಕಲಿಸಿದವರಿಗೆ ಸಹಿ ಹಾಕಲು ಬರುವುದಿಲ್ಲ.

ಸಹಿಯ ಮಾತು ಬಂದದ್ದರಿಂದ: 2021ರ ಎರಡನೆಯ ಅಲೆಯಲ್ಲಿ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿಯ ನೆರವು ಘೋಷಿಸಿತು, ಅರ್ಜಿ ಆನ್‌ಲೈನಿನಲ್ಲಿ. ಅದರಲ್ಲಿ ಕಲಾವಿದರ ಹೆಸರು, ಕಲಾಪ್ರಕಾರ, ಕಾರ್ಯಕ್ರಮ ನೀಡಿದ ಪುರಾವೆ ಬೇಕು. ಮೂವತ್ತು ವರ್ಷ ಚಪ್ಪರದ ಕೆಳಗೆ ಹಾಡಿದವರ ಬಳಿ ಯಾವ ಆಹ್ವಾನ ಪತ್ರಿಕೆಯಿದೆ? ಲಗ್ನಪತ್ರಿಕೆಯಲ್ಲಿ ಅಡುಗೆಯವರ ಹೆಸರನ್ನಾದರೂ ಕೆಲವರು ಹಾಕಿಸುತ್ತಾರೆ, ಸೋಬಾನೆಯವರದನ್ನು ಹಾಕಿಸಿದ್ದನ್ನು ನಾನು ಕಂಡಿಲ್ಲ. ಅವರಲ್ಲಿ ಇಬ್ಬರು ಪುರಾವೆಯೆಂದು ಕೊಟ್ಟದ್ದು ಅದೇ ಜೋಡಿಸಿದ ಧ್ವನಿಮುದ್ರಣವನ್ನು. ಅದರಲ್ಲಿ ಹೆಸರಿರಲಿಲ್ಲ.

ಶ್ರೀರಂಗಪಟ್ಟಣದ ರಸಿಕ

ಮೇಡಂ ಅವರ ಬರಹವನ್ನು ಓದಿದ ಮೇಲೆ ನನ್ನ ಮೊದಲ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ. ಎರಡನೆಯದನ್ನು ಬಿಡುವುದಿಲ್ಲ; ಫೋನಿನ ವೀಣೆ ಈಗಲೂ ನನಗೆ ವೀಣೆಯ ಫೋಟೋವೇ. ಆದರೆ ಒಂದು ತಪ್ಪೊಪ್ಪಿಗೆ: ಆ ಎರಡು ವರ್ಷಗಳಲ್ಲಿ ನನಗೆ ಬಂದ ಸೋಬಾನೆಯ ತುಣುಕುಗಳನ್ನು ನಾನೂ ಹತ್ತಾರು ಜನರಿಗೆ ಕಳುಹಿಸಿದ್ದೇನೆ. "ನಮ್ಮ ಮಂಡ್ಯದ ಸೊಗಡು" ಎಂದು ಮೇಲೆ ಬರೆದೆ. ಹಾಡಿದವರು ಯಾರೆಂದು ನನ್ನನ್ನು ಯಾರೂ ಕೇಳಲಿಲ್ಲ, ನಾನು ಕಳುಹಿಸಿದವರನ್ನು ಕೇಳಲಿಲ್ಲ.

ಆ ಹೆಂಗಸರು ಈಗ ಏನು ಮಾಡುತ್ತಿದ್ದಾರೆ?

ಕನ್ನಡ ಮೇಡಂ, ಮಂಡ್ಯ

ಮದುವೆಗಳು ಮರಳಿ ಬಂದಿವೆ, ಅವರೂ ಮರಳಿ ಹೋಗುತ್ತಿದ್ದಾರೆ. ಇಬ್ಬರು ಇಲ್ಲ. ಧ್ವನಿಮುದ್ರಣದ ಅಭ್ಯಾಸ ಮಾತ್ರ ಉಳಿದಿದೆ. ಹೊರದೇಶದಲ್ಲಿ ನಡೆಯುವ ಮದುವೆಗಳಿಗೂ ಕೇಳುತ್ತಾರೆ.

ಹಳೆಯ ರೇಡಿಯೊ ಅವರ ಗೌಹರ್ ಜಾನ್ ಪ್ರಸಂಗವನ್ನು ಕಳೆದ ಭಾನುವಾರ ಹಿರಿಯ ಹಾಡುಗಾರ್ತಿಗೆ ಹೇಳಿದೆ. ಗಮನವಿಟ್ಟು ಕೇಳಿದರು. ಹಾಡಿನ ಕೊನೆಯಲ್ಲಿ ಹೆಸರು ಹೇಳಲು ಒಪ್ಪಿದರು. ಮೊದಲ ಸಲ ಊರಿನ ಹೆಸರು ಹೇಳಿ ನಿಲ್ಲಿಸಿದರು. ಎರಡನೆಯ ಸಲ ಗಂಡನ ಹೆಸರು ಹೇಳಿ ಇಂಥವರ ಹೆಂಡತಿ ಎಂದರು. ಮೂರನೆಯ ಸಲ ತಮ್ಮದನ್ನು ಹೇಳಿದರು, ಹೇಳಿ ಸೆರಗು ಬಾಯಿಗಿಟ್ಟು ನಕ್ಕರು, ನಗುವೂ ಮುದ್ರಣವಾಗಿದೆ. ಅದನ್ನು ಮೊಮ್ಮಗನೇ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿಕೊಂಡ, ಮೊದಲ 30 ಸೆಕೆಂಡು ಮಾತ್ರ. ಪದವಿತ್ತು, ಹೆಸರು ಇರಲಿಲ್ಲ.

ಹಾಗಾದರೆ ಮೊದಲಿಗೇ ಹೇಳಿಬಿಡಿ ಎಂದು ನಾನು ಸೂಚಿಸಿದೆ. ಅವರು ಸುತರಾಂ ಒಪ್ಪಲಿಲ್ಲ. "ಗಣಪ್ಪುಂಗಿಂತ ಮುಂಚೆ ನನ್ ಹೆಸ್ರಾ? ಬಿಡ್ತು ಅನ್ನವ್ವ" ಎಂದರು. ಸೋಬಾನೆ ಗಣಪನ ಸ್ತುತಿಯಿಂದಲೇ ಆರಂಭವಾಗಬೇಕು, ಅದಕ್ಕೆ ಮುಂಚೆ ಯಾವ ಮಾತೂ ಇಲ್ಲ. ಸ್ವಲ್ಪ ಹೊತ್ತು ಎಲೆಯಡಿಕೆ ಹಾಕಿಕೊಂಡು ಯೋಚಿಸಿದರು. ಆಮೇಲೆ ಫೋನು ಒತ್ತಲು ಹೇಳಿ, ಗಣಪನ ಒಂದು ನುಡಿಯನ್ನು ಮುಗಿಸಿ, ಎರಡನೆಯ ನುಡಿಯಲ್ಲಿ ಅದೇ ಧಾಟಿಗೆ ತಮ್ಮ ಹೆಸರನ್ನೂ ಊರನ್ನೂ ಕೂರಿಸಿ ಹಾಡಿದರು. ಗಡಿಯಾರ ನೋಡಿದೆ. ಹೆಸರು ಬರುವುದು 22ನೆಯ ಸೆಕೆಂಡಿಗೆ. ಉಳಿದ ನಾಲ್ವರು ಅದನ್ನೂ ಸೊಲ್ಲೆತ್ತಿದ್ದರಿಂದ ಎರಡು ಸಲ ಕೇಳಿಸುತ್ತದೆ.